ತಪಾಸಣೆಯ ದಿನ ಪಕ್ಕದಲ್ಲಿ ಕುಳಿತಿದ್ದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಹಾಸನದಲ್ಲಿ ನಿಮ್ಮ ಮಗಳೊಂದಿಗೆ ಬಂದಿದ್ದಿರಿ. ನಾನು ಒಬ್ಬಳೇ ನಿಂತಿದ್ದನ್ನು ಕಂಡು ಸರಿದು ಜಾಗ ಕೊಟ್ಟಿರಿ.

ನನಗೆ ತಾಯಿಯಿಲ್ಲ. ಬಾಣಂತನದ ತಯಾರಿ ಹೇಳಿಕೊಡುವ ಹಿರಿಯರೂ ಮನೆಯಲ್ಲಿರಲಿಲ್ಲ. ಹೊಸ ಬಟ್ಟೆಗೆ ದುಡ್ಡು ಸುರಿಯಬೇಡ, ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿ ಮಡಚಿಡು ಎಂದಿರಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಆಧಾರ್ ಒಂದೇ ಚೀಲದಲ್ಲಿರಲಿ. ರಕ್ತ ಕೊಡಬಲ್ಲವರಿಗೆ ಈಗಲೇ ಹೇಳಿಡು. 108ಕ್ಕೆ ಕರೆ ಮಾಡಿದಾಗ ಹೇಳಲು ಮನೆಯ ಹತ್ತಿರದ ಗುರುತೊಂದನ್ನು ಗಂಡನಿಗೂ ಬಾಯಿಪಾಠ ಮಾಡಿಸು. ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಕೈ ಹಿಡಿದುಕೊಂಡು, "ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡ ಮಗಳೇ" ಎಂದಿರಿ. ಒಂಬತ್ತನೆಯ ತಿಂಗಳ ಒಂದು ರಾತ್ರಿ ಹಾಗೆಯೇ ಆಯಿತು. ನಿದ್ದೆಗೆಟ್ಟ ನೋವಿರಬಹುದು ಎಂದು ಗಂಡ ಹೇಳಿದರು. ನಿಮ್ಮ ಮಾತು ನೆನಪಾಗಿ ನಾನು ಹಟ ಹಿಡಿದೆ. ಆಂಬುಲೆನ್ಸ್ ಬಂತು. ರಕ್ತದೊತ್ತಡ ಬಹಳ ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಕಂಡಿತ್ತು. ತಡವಾಗಿದ್ದರೆ ಫಿಟ್ಸ್ ಬಂದು ಇಬ್ಬರ ಜೀವಕ್ಕೂ ಅಪಾಯವಿತ್ತು ಎಂದರು ವೈದ್ಯರು. ಚುಚ್ಚುಮದ್ದು ಕೊಟ್ಟು, ನೋವು ಬರಿಸಿ ಹೆರಿಗೆ ಮಾಡಿಸಿದರು.

ಹೆಣ್ಣು ಮಗು. ಎರಡೂವರೆ ಕಿಲೋ ಇದ್ದಾಳೆ, ಚೆನ್ನಾಗಿ ಹಾಲು ಕುಡಿಯುತ್ತಾಳೆ. ನೀವು ಹೇಳಿದ ಹಳೆಯ ಸೀರೆಗಳಲ್ಲೇ ಸುತ್ತುತ್ತೇವೆ.

ನಿಮ್ಮ ಮಗಳ ಹೆರಿಗೆಯೂ ಸುಸೂತ್ರವಾಗಿ ಆಗಿರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ನಮ್ಮಿಬ್ಬರ ನಮಸ್ಕಾರ ನಿಮಗೆ.