ದೆವ್ವದ ಮುಖ ಬೇಡ, ರೊಟ್ಟಿ ಸದ್ದು ಸಾಕು

ಕೊಪ್ಪಳ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿಮ್ಮ ದೆವ್ವದ ಸಿನಿಮಾಕ್ಕೆ ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಟೀಸರ್ ಪ್ಲಾನ್ ಓದಿದೆ. ಕೋಟೆ, ಡ್ರೋನ್, ಬಿಳಿ ಸೀರೆ, ಗೆಜ್ಜೆ, ಹುಣ್ಣಿಮೆ, ಕೊನೆಗೆ ಕಿರುಚಾಟ. ಮೂರು ನಿಮಿಷ. ಓದಿ ಮುಗಿಸುವ ಹೊತ್ತಿಗೆ ಇಡೀ ಸಿನಿಮಾ ನೋಡಿದ ಹಾಗಾಯ್ತು. ಅದೇ ತೊಂದರೆ ನೋಡವ್ವ. ಮುಂದೇನು ಅಂತ ಜನ ಕತ್ತು ಚಾಚುವಾಗ ಬಾಗಿಲು ಹಾಕಿಬಿಡಬೇಕು, ಅದು ಟೀಸರ್. ಒಂದು ನಿಮಿಷ ಸಾಕು. ದೆವ್ವದ ಮುಖವಂತೂ ಬರಲೇಬಾರದು. ಹಾಸ್ಟೆಲ್ ರೂಮಿನಲ್ಲಿ ಬಳಿದ ಮೇಕಪ್ ಬೆಳಕಿಗೆ ಬಂದ ಕೂಡಲೇ ಜನ ನಗುತ್ತಾರೆ. ನಕ್ಕ ಮೇಲೆ ಹೆದರಿಸುವುದು ಕಷ್ಟ.

ತೊಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರು. ನಿಮ್ಮವ್ವನನ್ನು ಕೇಳು. ಆ ದೆವ್ವ ಹೇಗಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ, ಬಾಗಿಲು ತೆಗೆದವರು ಸಾಯುತ್ತಾರೆ ಅಂತಿದ್ದರು, ಅಷ್ಟೇ. ಬರೆದದ್ದನ್ನು ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಅಷ್ಟು ಮಾತು ಕೇಳುವ ದೆವ್ವ ಈಗ ಎಲ್ಲಿದೆ ಬಿಡು. ಹೆದರಿಕೆ ಇದ್ದದ್ದು ಆ ಪರಿಚಯದ ದನಿಯಲ್ಲಿ.

ಹಾಗಾದರೆ ನಮ್ಮ ಕಡೆ ಎಲ್ಲರಿಗೂ ಪರಿಚಯದ ಸದ್ದು ಯಾವುದು? ಜೋಳದ ರೊಟ್ಟಿ ಬಡಿಯುವ ಸದ್ದು. ನಿದ್ದೆಗಣ್ಣಲ್ಲಿ ಕೇಳಿದರೂ ಸಮಾಧಾನ, ಅವ್ವ ಎದ್ದಿದ್ದಾಳೆ ಅಂತ. ಅದನ್ನೇ ರಾತ್ರಿ ಎರಡು ಗಂಟೆಗೆ ಕೇಳಿಸು. ಹುಡುಗಿಗೆ ಎಚ್ಚರಾಗುತ್ತೆ. ಪಕ್ಕದಲ್ಲೇ ಅವ್ವ ಮಲಗಿದ್ದಾಳೆ. ಅಡುಗೆಮನೆಯಲ್ಲಿ ತಪ್, ತಪ್. ಮೊಬೈಲ್ ಟಾರ್ಚ್ ಹಿಡಿದು ಪಡಸಾಲೆ ದಾಟುತ್ತಾಳೆ. ಸದ್ದು ನಿಲ್ಲುತ್ತೆ. ಒಲೆ ತಣ್ಣಗಿದೆ. ಹಲಗೆಯ ಮೇಲೆ ಹಿಟ್ಟು, ಹಿಟ್ಟಿನಲ್ಲಿ ಅಂಗೈ ಗುರುತು. ಅಲ್ಲಿಗೆ ಪರದೆ ಕಪ್ಪು. ಒಂದೆರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಿವಿ ಪಕ್ಕದಲ್ಲೇ ತಪ್, ತಪ್. ಟೈಟಲ್. ಮುಗೀತು.

ರೇಡಿಯೋ ನಾಟಕಗಳಿಗೆ ಸದ್ದು ಮಾಡಿಕೊಟ್ಟವನು ನಾನು, ಹಾಗಾಗಿ ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಕ್ಯಾಮೆರಾ ಮೊಬೈಲಿನ ಮೈಕ್ ನಂಬಬೇಡ. ದೂರದಿಂದ ಹಿಡಿದರೆ ಬರೀ ಕೋಣೆಯ ಗುಂಯ್ ಬರುತ್ತೆ. ಇನ್ನೊಂದು ಮೊಬೈಲನ್ನು ಸದ್ದಿನ ಹತ್ತಿರ ಇಟ್ಟು ರೆಕಾರ್ಡ್ ಮಾಡು. ಶಾಟ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡಿ, ಎಡಿಟಿಂಗಿನಲ್ಲಿ ಎರಡನ್ನೂ ಕೂಡಿಸಲು ಅದೇ ಗುರುತು. ಫ್ರಿಜ್ ಆಫ್ ಮಾಡು. ಗಾಡಿ ಕೀಲಿಯನ್ನು ಅದರೊಳಗೇ ಇಟ್ಟರೆ ಹೋಗುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿ ನಿಂತು ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿದಿಡಿ. ಕಟ್ ಮಾಡಿದ ಕಡೆ ಅದನ್ನು ಕೆಳಗೆ ಹಾಸದಿದ್ದರೆ ಸದ್ದು ಹರಿದ ಹಾಗೆ ಕೇಳುತ್ತೆ. ಎಲುಬು ಮುರಿಯುವ ಸದ್ದು ಬೇಕಾದರೆ ಒಣಗಿದ ಜೋಳದ ದಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಕ್ ಹತ್ತಿರ ಮುರಿ. ಹೆಜ್ಜೆಗೆ ಶೇಂಗಾ ಸಿಪ್ಪೆ. ರೊಟ್ಟಿ ಬಡಿಯುವುದನ್ನು ಮಾತ್ರ ನಿಮ್ಮವ್ವನ ಕೈಲೇ ಮಾಡಿಸು. ನಿನ್ನ ರೊಟ್ಟಿ ಸದ್ದನ್ನು ರಾಯಚೂರಿನವರು ಯಾರೂ ನಂಬುವುದಿಲ್ಲ!

ಬೆಳಕಿಗೆ ಎರಡೇ ಮಾತು. ಪೂರ್ತಿ ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ಬರೀ ಚುಕ್ಕೆ ತೋರಿಸುತ್ತೆ. ಸಂಜೆ ಬೆಳಕಿಂಡಿಯಿಂದ ಬೀಳುವ ಬೆಳಕಿನಲ್ಲಿ ತೆಗೆದು, ಎಕ್ಸ್‌ಪೋಷರ್ ಇಳಿಸಿ, ಸ್ವಲ್ಪ ನೀಲಿ ಕೊಡು, ರಾತ್ರಿಯಾಗುತ್ತೆ. ನಮ್ಮ ಕರೆಂಟು 50 ಹರ್ಟ್ಸಿನದು. ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಶಟರ್ ವೇಗ 1/50 ಸೆಕೆಂಡಿಗೆ ಇಡು, ಇಲ್ಲದಿದ್ದರೆ ಚಿತ್ರದ ಮೇಲೆ ಪಟ್ಟೆ ಓಡುತ್ತೆ.

ರಾಯಚೂರಿನ ಕೋಟೆ ಬಿಟ್ಟುಬಿಡು. 1294ರ ಶಾಸನ ಇರುವ ಕೋಟೆ ಅದು, ಸಂರಕ್ಷಿತ ಸ್ಮಾರಕ. ಶೂಟಿಂಗ್ ಅಂದರೆ ಅರ್ಜಿ, ಅನುಮತಿ, ಓಡಾಟ. ರಾತ್ರಿ ಹೊತ್ತು ಅಲ್ಲಿ ನಿಮ್ಮ ಗುಂಪು ಹೋಗುವುದೂ ನನಗೆ ಇಷ್ಟವಿಲ್ಲ. ಮಾನ್ವಿ ಕಡೆಯ ನಮ್ಮ ಊರ ಮನೆ ಖಾಲಿ ಇದೆಯಲ್ಲ, ಅಲ್ಲೇ ಮಾಡಿ. ವೇಷ ಹಾಕಿಕೊಂಡು ಓಣಿಗೆ ಇಳಿದು, ಜನ ಬೆಚ್ಚಿಬೀಳುವುದನ್ನು ಕದ್ದು ಶೂಟ್ ಮಾಡುವ ಐಡಿಯಾ ಒಂದು ಬರೆದಿದ್ದೀಯಲ್ಲ, ಅದನ್ನು ಈಗಲೇ ಹೊಡೆದುಹಾಕು. 2019ರಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ಹೀಗೇ ಮಾಡಿದ ಹುಡುಗರನ್ನು ಪೊಲೀಸರು ಎತ್ತಿಕೊಂಡು ಹೋದರು. ಪಾಪ, ಎದೆನೋವಿನವರು ಯಾರಾದರೂ ಎದುರು ಬಂದರೆ?

ಇನ್ನೊಂದು. ನಿನ್ನ ಗೆಳೆಯರು ಹೇಳಿದ ಭಾನಾಮತಿ, ಅಂದರೆ ಮಾಟದ ಕಥೆ ಬೇಡ. ಈ ವಿಷಯದಲ್ಲಿ ನಾನು ಸಡಿಲ ಬಿಡುವವನಲ್ಲ. ಬೇರೆ ಕಡೆಯವರಿಗೆ ಅದು ಸುಮ್ನೆ ರೋಚಕ ಕಥೆ ಇರಬಹುದು. ನಮ್ಮ ಭಾಗದಲ್ಲಿ ಆ ಹೆಸರು ಹೊರಿಸಿ ಒಂಟಿ ಹೆಂಗಸರನ್ನು ಹೊಡೆದದ್ದಿದೆ, ಊರು ಬಿಡಿಸಿದ್ದಿದೆ. ಇಂಥದ್ದನ್ನು ತಡೆಯಲಿಕ್ಕೇ 2017ರಲ್ಲಿ ನಮ್ಮ ರಾಜ್ಯ ಕಾಯಿದೆ ತಂದಿತು. ಅಡುಗೆಮನೆಯಲ್ಲಿ ಯಾರಿದ್ದರು ಅಂತ ನೀನು ಹೇಳಲೇಬೇಡ, ಆಗ ಯಾರ ಮೇಲೂ ಬೆರಳು ಹೋಗುವುದಿಲ್ಲ.

ಹಿನ್ನೆಲೆ ಸಂಗೀತವನ್ನು ಯಾವುದೋ ಸಿನಿಮಾದಿಂದ ಎತ್ತಬೇಡ, ಕಾಪಿರೈಟ್ ಬೀಳುತ್ತೆ. ಈ ಟೀಸರಿಗೆ ಸಂಗೀತ ಬೇಕಾಗಿಯೂ ಇಲ್ಲ.

ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ. ಆಮೇಲೆ ನಿಮ್ಮ ಬಿಸಿಲಿಗೆ ಮೊಬೈಲ್ ಕಾದು ತಾನೇ ಆಫ್ ಆಗುತ್ತೆ. ಮನೆ ಕೀಲಿ ಪಕ್ಕದ ಮನೆ ದೊಡ್ಡವ್ವನ ಹತ್ತಿರ ಇದೆ. ಯಾವ ದಿನ, ಎಷ್ಟು ಜನ ಅಂತ ಅವಳಿಗೆ ಮೊದಲೇ ಹೇಳಿರು, ಇಲ್ಲದಿದ್ದರೆ ರಾತ್ರಿ ರೊಟ್ಟಿ ಸದ್ದು ಕೇಳಿ ಓಣಿಯವರನ್ನೆಲ್ಲ ಎಬ್ಬಿಸುತ್ತಾಳೆ. ಕ್ಯಾಮೆರಾ ಮುಟ್ಟುವ ಮೊದಲು ಬರೀ ಸದ್ದನ್ನು ರೆಕಾರ್ಡ್ ಮಾಡಿ ನನಗೆ ಕಳಿಸು. ಹೆಡ್‌ಫೋನ್ ಹಾಕಿಕೊಂಡು ಕೇಳಿ ಹೇಳುತ್ತೇನೆ.

ನಿನ್ನ ಮಾವ