ಇಂದಿನ ಪದ: ಯಾಕ್

ಸದಸ್ಯರೇ, ಇಂದಿನ ಇಂಗ್ಲಿಷ್ ಪದ 'ಯಾಕ್'. ನಮ್ಮ 'ಯಾಕೆ'ಗೂ ಇದಕ್ಕೂ ಸಂಬಂಧವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ಅರ್ಥದಲ್ಲಿ ಇದು ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯ ಜೂಲುಗೂದಲಿನ ಪ್ರಾಣಿ, ಅಂದರೆ ಚಮರೀಮೃಗ; ಚಾಮರಕ್ಕೆ ಬಳಸುತ್ತಿದ್ದುದು ಇದರ ಬಾಲದ ಕೂದಲನ್ನೇ. ಆಡುಮಾತಿನಲ್ಲಿ ಬಿಡುವಿಲ್ಲದೆ ಹರಟುವುದಕ್ಕೂ ಇದೇ ಪದ.

ಎರಡಕ್ಕೂ ಮೂಲ ಒಂದಲ್ಲ. ಪ್ರಾಣಿಯ ಹೆಸರು ಟಿಬೆಟನ್ ಭಾಷೆಯಿಂದ ಬಂದದ್ದು. ಅಲ್ಲಿ ಅದು ಗಂಡಿಗೆ ಮಾತ್ರ, ಹೆಣ್ಣಿಗೆ 'ಡ್ರಿ'. ಹರಟೆಯ ಅರ್ಥ 20ನೆಯ ಶತಮಾನದ್ದು, ನಮ್ಮ 'ವಟವಟ'ದಂತೆ ಸದ್ದಿನ ಅನುಕರಣೆ.

ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ ಸಂಗತಿ. ಕಾಡು ಯಾಕ್‌ನ ವೈಜ್ಞಾನಿಕ ಹೆಸರು ಬಾಸ್ ಮ್ಯೂಟಸ್, ಲ್ಯಾಟಿನ್‌ನಲ್ಲಿ 'ಮೂಕ ಎತ್ತು'! ಸಾಕಿದ್ದಕ್ಕೆ ಬಾಸ್ ಗ್ರನ್ನಿಯನ್ಸ್, 'ಗುರುಗುಟ್ಟುವ ಎತ್ತು'. ದನದಂತೆ 'ಅಂಬಾ' ಎನ್ನದೆ ಗುರುಗುಟ್ಟುತ್ತದೆ, ಅಷ್ಟೇ. ಪಾಪ, ಇಂಥ ಮಿತಭಾಷಿಯ ಹೆಸರಿಗೇ ಹರಟೆ ಅಂಟಿಕೊಂಡಿದೆ.

ನಾಳೆ ರಾತ್ರಿಯೊಳಗೆ ಎರಡೂ ಅರ್ಥ ಬರುವಂತೆ ಒಂದು ವಾಕ್ಯ ಬರೆದು ಕಳುಹಿಸಿ. ಶುಭೋದಯದ ಚಿತ್ರಗಳು ದಯವಿಟ್ಟು ಬೇಡ. ಅವೂ ಯಾಕ್ ಲೆಕ್ಕಕ್ಕೇ ಸೇರುತ್ತವೆ, ಎರಡನೆಯ ಅರ್ಥದಲ್ಲಿ.