ಒಂದೇ ದಿನಕ್ಕೆ ಐದು ಜಾಗ ಯಾಕೆ?

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಚಿಕ್ಕಮಗಳೂರಿನ ಗುಡ್ಡಗಳ ಮೇಲೆ ಕಾರುಗಳದ್ದೇ ಸಾಲು. ಬೆಳಗಿನ ಜಾವ ಬೆಂಗಳೂರು ಬಿಟ್ಟು, ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಸಾಧ್ಯವಾದರೆ ಕೆಮ್ಮಣ್ಣುಗುಂಡಿಯನ್ನೂ ಮುಗಿಸಿ ರಾತ್ರಿಯೇ ವಾಪಸ್ ಹೋಗಬೇಕು ಅಂತ ಹೊರಡುವವರು ಅರ್ಧ ದಿನ ಕಳೆಯುವುದು ಟ್ರಾಫಿಕ್‌ನಲ್ಲೇ. ಗಿರಿಯ ರಸ್ತೆ ಕಿರಿದು, ಎದುರಿಗೆ ವಾಹನ ಬಂದರೆ ಹಿಂದೆ ಸರಿಯಲೂ ಜಾಗ ಇರುವುದಿಲ್ಲ.

ಎರಡು ಜಾಗ ಸಾಕು ಅಲ್ವಾ? ಬೆಳಿಗ್ಗೆ ಬೇಗ ಮುಳ್ಳಯ್ಯನಗಿರಿ ಹತ್ತಿ. ರಾಜ್ಯದ ಅತಿ ಎತ್ತರದ ಶಿಖರ ಅದು, 1,900 ಮೀಟರ್‌ಗೂ ಜಾಸ್ತಿ. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲು ಹತ್ತುವುದು ಕಷ್ಟ, ನೆರಳೂ ಇಲ್ಲ. ಸಂಜೆ ಹಿರೇಕೊಳಲೆ ಕೆರೆ ಕಡೆ ಹೋಗಿ ಸುಮ್ನೆ ಕೂತುಕೊಳ್ಳಿ. ಜಲಪಾತ ನೋಡಲೇಬೇಕು ಅನ್ನುವವರು ಮಳೆಗಾಲ ಮುಗಿದ ಮೇಲೆ ಬನ್ನಿ, ಏಪ್ರಿಲ್‌ನಲ್ಲಿ ಹೆಬ್ಬೆಯಲ್ಲೂ ನೀರು ಸೊರಗಿರುತ್ತದೆ. ಬೇಸಿಗೆಯಲ್ಲಿ ನಿಜವಾಗಿ ನೋಡಬೇಕಾದದ್ದು ಕಾಫಿ ಹೂವು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹದ ಮಳೆ ಬಿದ್ದು ವಾರ, ಹತ್ತು ದಿನ ಕಳೆದರೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ದಾರಿಯುದ್ದಕ್ಕೂ ಮಲ್ಲಿಗೆಯಂಥ ಘಮ. ಆದರೆ ರೀಲ್ಸ್‌ಗೋಸ್ಕರ ಬೇಲಿ ದಾಟಿ ತೋಟಕ್ಕೆ ನುಗ್ಗಬೇಡಿ, ಆ ಹೂವೇ ನಮ್ಮ ವರ್ಷದ ಫಸಲು.

ಇನ್ನೊಂದು ಮಾತು. ಈ ಸಮಯದಲ್ಲಿ ಗುಡ್ಡದ ಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಬೀಡಿ ತುಂಡಿನಿಂದ ಹತ್ತಿದ ಬೆಂಕಿ ಗುಡ್ಡದ ಕಣಿವೆಗಳಲ್ಲಿರುವ ಹಸಿರು ಶೋಲಾ ಕಾಡಿನ ಅಂಚಿಗೂ ಬರಬಹುದು. ರಜಾ ದಿನಗಳಲ್ಲಾದರೂ ಕಾರುಗಳನ್ನು ಕೆಳಗೇ ನಿಲ್ಲಿಸಿ, ಮೇಲಕ್ಕೆ ಮಿನಿ ಬಸ್ ಓಡಿಸಲು ಜಿಲ್ಲಾಡಳಿತ ಮನಸ್ಸು ಮಾಡಲಿ. ಟಿಕೆಟ್ ದುಡ್ಡು ಕೊಡಲು ಯಾರೂ ಬೇಡ ಅನ್ನುವುದಿಲ್ಲ.

– ಒಬ್ಬ ಕಾಫಿ ಬೆಳೆಗಾರ, ಚಿಕ್ಕಮಗಳೂರು